ನಾನು ಬರೆದು ಕಳಿಸಿದ ಸಸ್ಯಾಹಾರಿ ಹುಡುಗಿ

ನನ್ನ ಮಗಳು ಪ್ರಾಜಕ್ತಾ ಶುದ್ಧ ಸಸ್ಯಾಹಾರಿ ಎಂದು ನಾರ್ವೆ ದೇಶದ ಒಂದು ಮನೆಯವರಿಗೆ ಸುಳ್ಳು ಬರೆದವಳು ನಾನು. ಕಂಪ್ಯೂಟರಿನ ತಪ್ಪಲ್ಲ, ಸಂಸ್ಥೆಯವರ ತಪ್ಪಲ್ಲ. ನಾಲ್ಕು ವರ್ಷಗಳಿಂದ ನಮ್ಮ ಮನೆಯವರೆಲ್ಲ ಬೈಯುತ್ತ ಬಂದಿರುವ ಅವರ ಹುಬ್ಬಳ್ಳಿ ಆಫೀಸಿನ ಗುಮಾಸ್ತ, ಪಾಪ, ಏನೂ ಮಾಡಿಲ್ಲ. ಅವನನ್ನು ಬೈಯುವಾಗ ನಾನೂ ದನಿಗೂಡಿಸಿದ್ದೇನೆ. ಒಂದೆರಡು ಸಲ ನಾನೇ ಶುರು ಮಾಡಿದ್ದೂ ಉಂಟು.

ಬೇರೆ ಮನೆಯಾಗಿದ್ದರೆ ಇದು ದೊಡ್ಡ ಸುಳ್ಳಲ್ಲದಿರಬಹುದು. ಆದರೆ ನಾವಿರುವುದು ಕಾರವಾರದ ಶಿರವಾಡದಲ್ಲಿ. ನನ್ನ ತವರು ಅಂಕೋಲೆ ಕಡೆಯ ಹಾರವಾಡ. ಸೋಮವಾರ ಬಿಟ್ಟು ಬೇರೆ ದಿನ ನಮ್ಮ ಮನೆಯಲ್ಲಿ ಮೀನಿನ ಪರಿಮಳ ಬರಲಿಲ್ಲವೆಂದರೆ ಪಕ್ಕದ ಮನೆಯವರು ಬಂದು, ಯಾರಿಗೆ ಹುಷಾರಿಲ್ಲ ಎಂದು ವಿಚಾರಿಸುತ್ತಾರೆ.

ಪ್ರಾಜುಗೆ ಆಗ ಹದಿನಾರು. ವಿದೇಶದ ಒಂದು ಮನೆಯಲ್ಲಿ ಹತ್ತು ತಿಂಗಳು ಮಗಳ ಹಾಗೆ ಇದ್ದು, ಅಲ್ಲಿಯ ಶಾಲೆಗೆ ಹೋಗಿ ಬರುವ ವಿದ್ಯಾರ್ಥಿ ವಿನಿಮಯಕ್ಕೆ ಆಯ್ಕೆಯಾಗಿದ್ದಳು. ಕದ್ರಾ ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡುವ ನನ್ನ ಗಂಡ ಈ ಸುದ್ದಿಯನ್ನು ತಮ್ಮ ಪಾಳಿಯವರಿಗೆಲ್ಲ ಹೇಳಿ ಮುಗಿಸಿ, ಇನ್ನೊಂದು ಪಾಳಿಯವರಿಗೂ ಹೇಳಿ ಬಂದಿದ್ದರು. ಉಳಿದದ್ದು ಒಂದೇ ಕೆಲಸ — ತನ್ನ ಪರಿಚಯ ಹೇಳಿಕೊಂಡು ಎರಡು ಪುಟದ ಪತ್ರ ಬರೆಯುವುದು. ಅದನ್ನು ಓದಿಯೇ ಅಲ್ಲಿನವರು ಯಾವ ಮಗು ತಮ್ಮ ಮನೆಗೆ ಬರಲಿ ಎಂದು ಆರಿಸುವುದು.

ಅವಳು ಬರೆದಳು. ಟ್ಯೂಶನ್ನಿಗೆ ಹೊರಟು, ಚಪ್ಪಲಿ ಹಾಕಿಕೊಳ್ಳುತ್ತ, "ಮಮ್ಮಿ, ಸ್ಪೆಲ್ಲಿಂಗ್ ಅಷ್ಟೇ ನೋಡು ಹಾಂ. ನೋಡಿ ಕಳಿಸಿಬಿಡು" ಎಂದಳು. ನಾನು ಕಾನ್ವೆಂಟಿನಲ್ಲಿ ಓದಿದವಳು. ಮನೆಯಲ್ಲಿ ಇಂಗ್ಲಿಷ್ ಅಂದರೆ ನನ್ನ ಖಾತೆ.

ಪತ್ರ ತೆರೆದೆ. ಸ್ಪೆಲ್ಲಿಂಗ್ ಎಲ್ಲ ಸರಿಯಾಗಿಯೇ ಇತ್ತು. ಅದೇ ಬಂದ ಕಷ್ಟ — ಉಳಿದದ್ದನ್ನು ಓದಬೇಕಾಯಿತು.

"ನಾನು ಏಳೂವರೆಗಿಂತ ಮೊದಲು ಏಳುವುದಿಲ್ಲ, ಎಬ್ಬಿಸಿದರೆ ಸಿಟ್ಟು ಬರುತ್ತದೆ" ಎಂದು ಬರೆದಿದ್ದಳು. "ಗಣಿತದಲ್ಲಿ ನಲವತ್ತೊಂದು ಬಂದಿತ್ತು, ಮನೆಯಲ್ಲಿ ಐವತ್ತೊಂದು ಎಂದು ಹೇಳಿದ್ದೇನೆ." (ಇದು ನನಗೆ ಆವತ್ತೇ ಗೊತ್ತಾದದ್ದು.) "ಬಂಗಡೆಯ ಕಿವಿರು ನೋಡಿ ಅದು ಇವತ್ತಿನದೋ ನಿನ್ನೆಯದೋ ಹೇಳಬಲ್ಲೆ. ನನ್ನ ಅಜ್ಜಿ ಮೀನು ಮಾರುವವಳ ಜತೆ ದಿನಾ ಜಗಳವಾಡುತ್ತಾಳೆ, ಆಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಾರೆ. ಮೀನಿಲ್ಲದ ದಿನ ನಮ್ಮ ಮನೆಯಲ್ಲಿ ಯಾರೂ ಯಾರೊಂದಿಗೂ ಸರಿಯಾಗಿ ಮಾತಾಡುವುದಿಲ್ಲ."

ಓದಿ ನನ್ನ ಕಿವಿ ಬಿಸಿಯಾಯಿತು. ಇದನ್ನು ಯಾರಾದರೂ ಪರದೇಶಕ್ಕೆ ಕಳಿಸುತ್ತಾರೆಯೆ? ನಾನು ಐದನೆಯ ತರಗತಿಯಲ್ಲಿದ್ದಾಗ ಸ್ವಪರಿಚಯ ಎಂದರೆ ಕೈ ಹಿಂದೆ ಕಟ್ಟಿ ನಿಂತು ಒಪ್ಪಿಸುವ ಪಾಠ. ನಾನು ಬೇಗ ಏಳುತ್ತೇನೆ, ಹಿರಿಯರಿಗೆ ವಿಧೇಯಳಾಗಿದ್ದೇನೆ, ನನ್ನ ಹವ್ಯಾಸ ತೋಟಗಾರಿಕೆ. ನಮ್ಮ ಮನೆಯಲ್ಲಿದ್ದದ್ದು ಒಂದು ತುಳಸಿ ಗಿಡ. ಅದಕ್ಕೂ ನೀರು ಹಾಕುತ್ತಿದ್ದವಳು ನನ್ನ ಅಕ್ಕ. ಅದೇ ಶಾಲೆಯಲ್ಲಿ ನಾನು ಡಬ್ಬಿ ತೆರೆದಾಗ ಪಕ್ಕದ ಹುಡುಗಿ ಒಂದು ಮಾತೂ ಆಡದೆ ಬೆಂಚಿನ ತುದಿಗೆ ಸರಿದು ಕೂತಿದ್ದಳು. ಒಣಸಿಗಡಿ ಚಟ್ನಿ ಇತ್ತು. ಸರಿದದ್ದು ಒಂದು ಗೇಣು ಅಷ್ಟೆ, ಆದರೆ —

ಇರಲಿ. ನಾನು ತಿದ್ದಲು ಕೂತೆ. ಏಳೂವರೆ ಐದು ಗಂಟೆಯಾಯಿತು. ನಲವತ್ತೊಂದು ಹೋಯಿತು. ಜಗಳವಾಡುವ ಅಜ್ಜಿ ಹೋಗಿ, ನೀತಿಕಥೆ ಹೇಳುವ ಅಜ್ಜಿ ಬಂದಳು. ಯೋಗ ಬಂತು, ರಂಗೋಲಿ ಬಂತು. ಮೀನಿನ ಪ್ಯಾರಾ ಅಳಿಸುವಾಗ ಬೆರಳು ಸ್ವಲ್ಪ ತಡೆಯಿತು. ಅಳಿಸಿದೆ. ಪತ್ರದ ಜತೆಗಿದ್ದ ಅರ್ಜಿಯಲ್ಲಿ ಆಹಾರದ ಬಗ್ಗೆ ಒಂದು ಸಾಲು ಖಾಲಿ ಇತ್ತು. ಅವತ್ತು ಸೋಮವಾರ. ಒಲೆಯ ಮೇಲೆ ಬದನೆಕಾಯಿ ಬೇಯುತ್ತಿತ್ತು. ಇವತ್ತಿನ ಮಟ್ಟಿಗೆ ಇದು ಸುಳ್ಳಲ್ಲ ಎಂದುಕೊಂಡು, ಸಸ್ಯಾಹಾರಿ ಎಂದು ತುಂಬಿ ಕಳಿಸಿದೆ.

ಇಷ್ಟೇ ಆಗಿದ್ದರೆ ಇದನ್ನು ನಾನು ಮೂರ್ಖತನ ಎಂದು ಕರೆದುಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ನಿಜವಾದ ತಪ್ಪು ಆಮೇಲೆ, ಫೋನಿನಲ್ಲಿ ಆಯಿತು.

ನಾರ್ವೆಯ ಸಮುದ್ರ ದಂಡೆಯ ಸಣ್ಣ ಊರು. ಇಂಗ್ರಿಡ್ ಮತ್ತು ಅವರ ಗಂಡ ಯಾನ್ — ಇಬ್ಬರೇ ಇರುವ ಮನೆ. ಹೋಗಿ ಒಂದು ವಾರಕ್ಕೆ ಪ್ರಾಜು ಫೋನ್ ಮಾಡಿದಳು. ದನಿ ತಗ್ಗಿಸಿ, "ಮಮ್ಮಿ, ಇವರು ಮೀನೇ ತಿನ್ನೂದಿಲ್ಲ ಕಾಣ್ತದೆ. ದಿನಾ ಬೇಳೆ, ಕ್ಯಾರೆಟ್. ಊರು ತುಂಬ ಮೀನಿನ ವಾಸನೆ, ಮನೆಯೊಳಗೆ ಕೋಸಿನ ಸಾರು. ನಾನು ಮೀನು ತಿನ್ನೂಳು ಅಂತ ಹೇಳ್ಲಾ?"

ಆಗ ನಾನು ಹೇಳಬಹುದಿತ್ತು. ಒಂದು ವಾಕ್ಯ ಸಾಕಿತ್ತು. ಹೇಳಿದರೆ ಪತ್ರದ ವಿಷಯ ಬರುತ್ತದೆ — ಹಾಗಾಗಿ ಹೇಳಿದ್ದು ಇದು:

"ಬೇಡ ಮಗಾ. ಅವರ ಮನೆ ಪದ್ಧತಿ ಇರ್ತದೆ. ಇನ್ನೊಬ್ಬರ ಮನೇಲಿ ಇಂಥದ್ದೇ ಬೇಕು ಅಂತ ಕೇಳ್ಬಾರ್ದು. ಹೊಂದ್ಕೊಂಡು ಹೋಗು."

ಅವಳು ಹೊಂದಿಕೊಂಡಳು. ನನ್ನ ಮಾತಿಗೆ ಅಷ್ಟು ಬೆಲೆ ಕೊಟ್ಟದ್ದು ಅವಳ ಜೀವನದಲ್ಲಿ ಅದೊಂದೇ ಸಲ.

ಪ್ರತಿ ಭಾನುವಾರದ ಫೋನಿಗೆ ನಾವೆಲ್ಲ ಸುತ್ತ ಕೂರುತ್ತಿದ್ದೆವು. ಒಂದು ಸಲ ಪ್ರಾಜು ಹೇಳಿದಳು, "ಯಾನ್ ಅಂಕಲ್ ಪ್ರತಿ ಭಾನುವಾರ ದೋಣಿ ತಕಂಡು ಮೀನು ಹಿಡೀಲಿಕ್ಕೆ ಹೋಗ್ತಾರೆ. ಖುಶಿಗೆ ಹಿಡಿದು ತಿರುಗಿ ನೀರಿಗೆ ಬಿಡೂದಂತೆ. ಆದ್ರೆ ಒಂದಿನಾನೂ ಒಂದು ಮೀನೂ ಸಿಕ್ಕಿದ್ದು ನಾ ಕಂಡಿಲ್ಲ. ಖಾಲಿ ಕೈಲಿ ಬರ್ತಾರೆ."

ನನ್ನ ಅತ್ತೆ — ಆ ಜಗಳವಾಡುವ ಅಜ್ಜಿ — ಫೋನಿನ ಹತ್ತಿರ ಬಾಯಿ ತಂದು, "ಎಂತಾ ಗಂಡಸೇ ಅವ? ನಿನ್ನ ಅಮ್ಮನ ತವರಿಗೆ ಕಳ್ಸು ಅವ್ನಿಗೆ. ಹಾರವಾಡದ ಹೆಂಗಸ್ರು ಹದಿನೈದು ದಿನದಲ್ಲಿ ಕಲ್ಸಿ ಕಳಸ್ತ್ರು" ಎಂದರು. ಎಲ್ಲರೂ ನಕ್ಕೆವು. ನಾನೂ.

ಶಾಲೆಯ ಕ್ಯಾಂಟೀನಿನಲ್ಲಿ ಗುರುವಾರ ಮೀನು. ಆದರೆ ಸಣ್ಣ ಊರು. ಭಾರತದ ಸಸ್ಯಾಹಾರಿ ಹುಡುಗಿ ಬಂದಿದ್ದಾಳೆಂದು ಎಲ್ಲರಿಗೂ ಗೊತ್ತು. ಅವಳು ಒಮ್ಮೆ ಧೈರ್ಯ ಮಾಡಿ ತಟ್ಟೆಗೆ ಹಾಕಿಸಿಕೊಂಡಾಗ, ಅಲ್ಲಿದ್ದ ಮುದುಕಿ ಗಾಬರಿಯಿಂದ ತಟ್ಟೆ ಕಸಿದುಕೊಂಡು, ಬೇಯಿಸಿದ ಬೀಟ್‌ರೂಟ್ ಕೊಟ್ಟು, ಕೆನ್ನೆ ತಟ್ಟಿ ಕಳಿಸಿದಳಂತೆ. ಇಲ್ಲಿಂದ ಹೊರಡುವ ದಿನ ಅತ್ತೆ ನನಗೂ ಕಾಣದಂತೆ ಅವಳ ಪೆಟ್ಟಿಗೆಯಲ್ಲಿ ಸಿಗಡಿ ಉಪ್ಪಿನಕಾಯಿ ಅಡಗಿಸಿಟ್ಟಿದ್ದರು. ಅದನ್ನು ಪ್ರಾಜು ದಿನಕ್ಕೊಂದು ಸಿಗಡಿಯಂತೆ, ಹೊರಗೆ ಹಿಮ ಬೀಳುತ್ತಿರುವಾಗಲೂ ವಾಸನೆ ಹೋಗಲೆಂದು ಕಿಟಕಿ ತೆರೆದಿಟ್ಟುಕೊಂಡು, ನಡುಗುತ್ತ ತಿಂದಳು. ಇದನ್ನೆಲ್ಲ ಅವಳು ತಿರುಗಿ ಬಂದ ಮೇಲೆ ಹೇಳಿದ್ದು. ಬಂದ ದಿನ ಹನ್ನೊಂದು ಬಂಗಡೆ ತಿಂದಳು. ತಿನ್ನುತ್ತ, ಅರ್ಜಿಯನ್ನು ಗೋಜಲು ಮಾಡಿ ತನ್ನನ್ನು ಸಸ್ಯಾಹಾರಿಗಳ ಮನೆಗೆ ಹಾಕಿದನೆಂದು ಹುಬ್ಬಳ್ಳಿಯ ಆ ಗುಮಾಸ್ತನನ್ನು ಬೈದಳು. ನಾನು ಹನ್ನೆರಡನೆಯದನ್ನು ಬಡಿಸಿದೆ.

ಈಗ ಪ್ರಾಜು ಧಾರವಾಡದಲ್ಲಿ ಓದುತ್ತಿದ್ದಾಳೆ. ಹದಿನೈದು ದಿನದ ಹಿಂದೆ ಇಂಗ್ರಿಡ್ ನನಗೇ ಒಂದು ಮೇಲ್ ಬರೆದರು. ಬರುವ ಜನವರಿಯಲ್ಲಿ ಗಂಡ ಹೆಂಡತಿ ಕಾರವಾರಕ್ಕೆ ಬರುತ್ತಾರಂತೆ, ನಮ್ಮ ಮನೆಯಲ್ಲೇ ಉಳಿಯುತ್ತಾರಂತೆ. ಮುಂದೆ ಹೀಗಿತ್ತು:

"ಒಂದು ಗುಟ್ಟು ಹೇಳಬೇಕು, ಪ್ರಾಜಕ್ತಾಗೆ ಹೇಳಬೇಡಿ. ನಾವಿಬ್ಬರೂ ಮೀನು ತಿನ್ನುವವರು. ಯಾನ್ ಮೀನುಗಾರರ ಮನೆಯಲ್ಲೇ ಹುಟ್ಟಿದವರು. ಅವಳ ಪತ್ರ ಓದಿ, ಅವಳಿಗೆ ನೋವಾಗಬಾರದೆಂದು ಹತ್ತು ತಿಂಗಳು ಮನೆಯಲ್ಲಿ ಮೀನು ಬೇಯಿಸಲಿಲ್ಲ. ಹಿಡಿದದ್ದನ್ನು ಯಾನ್ ನೆರೆಮನೆಗೆ ಕೊಟ್ಟು, ಕೈಗೆ ನಿಂಬೆಹಣ್ಣು ಉಜ್ಜಿಕೊಂಡು ಬರುತ್ತಿದ್ದರು. ಸಂಜೆ ಆ ಮನೆಗೆ ಚದುರಂಗ ಆಡಲು ಹೋಗುತ್ತೇನೆ ಎಂದು ಅವಳಿಗೆ ಹೇಳಿ, ಅಲ್ಲಿಯೇ ಮೀನು ಉಂಡು ಬರುತ್ತಿದ್ದರು. ನಿಮ್ಮ ಊರಿನ ಮೀನು ಬಹಳ ಚೆನ್ನಾಗಿರುತ್ತದಂತೆ. ನಿಮ್ಮ ಮನೆಯಲ್ಲಿ ಖಂಡಿತ ಕೇಳುವುದಿಲ್ಲ. ನಾವು ಹೊರಗೆ ಹೋಗಿ ತಿಂದು ಬಂದರೆ ನಿಮಗೆ ಬೇಸರವಾಗುತ್ತದೆಯೆ?"

ಒಲೆಯ ಮೇಲಿದ್ದ ತಾರ್ಲೆ ಮೀನು ಸೀದುಹೋದವು. ಆದರೆ ನನ್ನನ್ನು ಸುಟ್ಟದ್ದು ಇಂಗ್ರಿಡ್ ಬರೆದ ಕೊನೆಯ ಸಾಲುಗಳು. "ಅಷ್ಟು ಮಕ್ಕಳ ಪತ್ರಗಳಲ್ಲಿ ಇವಳದನ್ನೇ ಏಕೆ ಆರಿಸಿದೆವು ಗೊತ್ತೆ? ಐದು ಗಂಟೆಗೆ ಏಳುವ, ಎಂದೂ ಜಗಳವಾಡದ, ಯಾವ ತಪ್ಪೂ ಇಲ್ಲದ ಹುಡುಗಿ. ಪಾಪ, ಈ ಮಗುವನ್ನು ಯಾರಾದರೂ ಸ್ವಲ್ಪ ನಗಿಸಬೇಕು ಅನ್ನಿಸಿತು."

ನನ್ನ ಮಗಳು ಹೊಟ್ಟೆ ಹಿಡಿದುಕೊಂಡು ನಗುವವಳು. ನಗುತ್ತ ಕುರ್ಚಿಯಿಂದ ಬಿದ್ದವಳು. ಅವಳನ್ನು ನಾನು ಪರದೇಶದ ಜನ ಕನಿಕರಪಡುವ ಹಾಗೆ ಬರೆದಿದ್ದೆ.

ಶನಿವಾರ ಪ್ರಾಜು ಮನೆಗೆ ಬಂದಳು. ಊಟದ ಮೇಜಿನ ಮೇಲೆ ಮೇಲ್ ತೆರೆದ ಫೋನ್ ಇಟ್ಟು, ಎಲ್ಲ ಹೇಳಿದೆ. ಪತ್ರದ ವಿಷಯ, ಸೋಮವಾರದ ವಿಷಯ, ಫೋನಿನಲ್ಲಿ ಹೊಂದ್ಕೊಂಡು ಹೋಗು ಎಂದದ್ದರ ವಿಷಯ. ಮೊದಲು ಮಾತಾಡಿದವರು ಅತ್ತೆ.

"ಹಂಗಾರೆ ಆ ಗಂಡಸಿಗೆ ಮೀನು ಹಿಡೂಕೆ ಬತ್ತಿತ್ತು ಅನ್ನು" ಎಂದರು. ಅವರಿಗೆ ನಿಜವಾಗಿಯೂ ಸಮಾಧಾನವಾಗಿತ್ತು.

ಪ್ರಾಜು ನಕ್ಕಳು. ಬಹಳ ಹೊತ್ತು ನಕ್ಕಳು, ನಿಂಬೆಹಣ್ಣಿನ ಸಾಲನ್ನು ಎರಡು ಸಲ ಓದಿ ನಕ್ಕಳು. ಪಾರಾದೆ ಅಂದುಕೊಂಡೆ. ಆಮೇಲೆ ಕಣ್ಣು ಒರೆಸಿಕೊಂಡು ನನ್ನನ್ನು ನೋಡಿದಳು.

"ಮೀನು ಹೋಗ್ಲಿ ಮಮ್ಮಿ. ನಾ ಬರೆದದ್ರಲ್ಲಿ ಎಂತ ತಪ್ಪಿತ್ತು?"

ನಾನು ಅವಳ ತಟ್ಟೆಗೆ ಇನ್ನೊಂದು ಮೀನು ಬಡಿಸಲು ಹೋದೆ. ಅವಳು ಕೈ ಅಡ್ಡ ಹಿಡಿದಳು. ಮೆಲ್ಲಗೆ ಹೇಳಿದಳು, "ಹತ್ತು ತಿಂಗಳು ಅವರು ನನ್ನನ್ನು ಅಷ್ಟು ಪ್ರೀತಿ ಮಾಡಿದ್ರು. ಈಗ ನೋಡಿದ್ರೆ ಅದು ನನಗಾ, ನೀ ಬರೆದ ಹುಡುಗಿಗಾ — ನನಗೆ ಹೆಂಗೆ ಗೊತ್ತಾಗ್ಬೇಕು?"

ಅವರಿಗೆ ಇವತ್ತೇ ಕ್ಷಮೆ ಕೇಳಿ ಬರೆಯುತ್ತೇನೆ ಎಂದೆ. ಬೇಡ ಎಂದಳು.

"ಬರೀಬೇಡ. ನೀ ಬರೆದ್ರೆ ಚಂದ ಮಾಡ್ತಿ. ಜನವರೀಲಿ ಬರ್ತಾರಲ್ಲ, ಎದುರಿಗೆ ಕೂತು ಹೇಳು. ನಾನೂ ಇರ್ತೆ."

ಅವಳು ಹೇಳಿದ್ದು ನಿಜ. ಇದನ್ನು ಬರೆಯುವಾಗಲೂ ಮೂರು ಕಡೆ ಚಂದ ಮಾಡಲು ಹೋಗಿ ಹೊಡೆದುಹಾಕಿದ್ದೇನೆ. ಬೆಂಚಿನ ಹುಡುಗಿಯ ಕತೆ ಮೊದಲು ಒಂದು ಪುಟವಿತ್ತು. ಓದಿದರೆ ನಿಮಗೆ ನನ್ನ ಮೇಲೆ ಕನಿಕರ ಬರುವ ಹಾಗಿತ್ತು.

ಇಂಗ್ರಿಡ್‌ಗೆ, ಬನ್ನಿ, ಮನೆಯಲ್ಲೇ ಊಟ ಎಂದಷ್ಟೇ ಉತ್ತರಿಸಿದ್ದೇನೆ. ಪ್ರಾಜು ಮತ್ತೆ ಧಾರವಾಡಕ್ಕೆ ಹೋದಳು. ಬಸ್ ಹತ್ತುವಾಗ ಹಿಂದಿನಂತೆ ಕೈ ಬೀಸಿದಳು, ಆದರೆ ತಲುಪಿ ಫೋನ್ ಮಾಡಿದ್ದು ಅಜ್ಜಿಗೆ. ನಾನು ಪಾತ್ರೆ ತೊಳೆಯುತ್ತ, ಬಟ್ಟೆ ಒಣಹಾಕುತ್ತ ಆ ಮಾತನ್ನು ಅಭ್ಯಾಸ ಮಾಡುತ್ತಿದ್ದೇನೆ. ಆ ಪತ್ರ ಬರೆದದ್ದು ಅವಳಲ್ಲ, ನಾನು. ಇಷ್ಟೇ. ನಾಲಿಗೆ ಪ್ರತಿ ಸಲವೂ ಮುಂದೆ "ಏಕೆಂದರೆ" ಎಂದು ಸೇರಿಸಲು ಹೋಗುತ್ತದೆ. ಜನವರಿಯೊಳಗೆ ಅದನ್ನು ಬಿಡಿಸಬೇಕು.