ನೀರು ಕಚ್ತೈತೆ

ನಾನು ಹುಟ್ಟಾ ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಮಾಗಡಿ ಕಡೆಯ ಕಲ್ಯ ನನ್ನ ತವರು. ಅಲ್ಲಿ ಲಂಗದ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಲೈಟಿನ ಸ್ವಿಚ್ಚು ಒತ್ತುತ್ತಿದ್ದವಳು ನಾನೊಬ್ಬಳೇ. ಮದುವೆಯಾಗಿ ಮರಳವಾಡಿ ಕಡೆಯ ಹಳ್ಳಿಗೆ ಬಂದ ಮೇಲೆ ಲಂಗದ ಬದಲು ಸೆರಗು ಸುತ್ತಿಕೊಂಡೆ, ಅಷ್ಟೇ ವ್ಯತ್ಯಾಸ. "ಇವಳಿಗೆ ಟಾರ್ಚ್ ಹತ್ಸಕ್ಕೂ ಭಯ ಕಣ್ಲಾ" ಎಂದು ನಮ್ಮ ಮನೆಯವರು ಗೆಳೆಯರ ಮುಂದೆ ಆಡಿಕೊಳ್ಳುತ್ತಿದ್ದರು. ಅಂಥವಳ ಹಿತ್ತಲಿಗೇ ಒಂದು ಈಜುಕೊಳದ ಹೀಟರು ಬಂದು ಕೂತಿತು. ಹೆದರುವವರ ಮೇಲೆ ಹಾವು ಎಸೆದ ಹಾಗೆ.

ಈಜುಕೊಳ ಅಂದರೆ ಸಾಹುಕಾರರ ಮನೆಯದ್ದಲ್ಲ. ಹಿಪ್ಪುನೇರಳೆ ತೋಟಕ್ಕೆ ನೀರು ಬಿಡಲು ಕಟ್ಟಿಸಿದ್ದ ಸಿಮೆಂಟ್ ತೊಟ್ಟಿ. ನನ್ನ ಮಗಳು ಹುಟ್ಟುವಾಗ ಉಸಿರುಕಟ್ಟಿ, ಅವಳ ಕಾಲುಗಳು ಕೊರಡಿನ ಹಾಗೆ ಬಿಗಿದುಕೊಂಡಿದ್ದವು. ಕನಕಪುರದ ಡಾಕ್ಟರಮ್ಮ, ದಿನಾ ಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿ ಆಡಿಸಿ, ನಡೆದರೂ ನಡೆದಾಳು, ಬಿಟ್ಟರೆ ಕಾಲು ಮತ್ತೆ ಸೆಟೆಯುತ್ತದೆ ಎಂದಿದ್ದರು. ಹಂಡೆಯಲ್ಲಿ ಕಾಯಿಸಿ ಹುಯ್ದು ನೋಡಿದೆವು. ಎರಡನೇ ಹಂಡೆ ಕಾಯುವಷ್ಟರಲ್ಲಿ ಮೊದಲನೆಯದು ಆರಿಹೋಗುತ್ತಿತ್ತು.

ಹಾರೋಹಳ್ಳಿ ಸುತ್ತ ಹೊಲಗಳಿಗೆ ಕಾಂಪೌಂಡು ಎದ್ದು ಫ್ಯಾಕ್ಟರಿಗಳು ಬರುತ್ತಿದ್ದ ಕಾಲ ಅದು. ನಮ್ಮ ಮನೆಯವರು ಅಲ್ಲೊಂದರಲ್ಲಿ ಮೇಂಟೆನೆನ್ಸ್ ಕೆಲಸಕ್ಕೆ ಸೇರಿದ್ದರು. ಅವರ ಸೂಪರ್‌ವೈಸರಿಗೆ ಸಾವನದುರ್ಗದ ದಾರಿಯಲ್ಲಿ ಯಾರದೋ ಫಾರ್ಮ್‌ಹೌಸಿನ ಪರಿಚಯ. ಅಲ್ಲಿ ಈಜುಕೊಳಕ್ಕೆ ಹೊಸ ಹೀಟರು ಹಾಕಿಸಿ ಹಳೆಯದನ್ನು ಮೂಲೆಗೆ ಎಸೆದಿದ್ದರಂತೆ. ಇವರು ಅದನ್ನು ಟೆಂಪೋದಲ್ಲಿ ಹೇರಿಕೊಂಡು ಬಂದು, ತೊಟ್ಟಿಯ ಪಕ್ಕ ಕಲ್ಲಿನ ಮೇಲೆ ಕೂರಿಸಿ, ಪೈಪು ಜೋಡಿಸಿದರು. ಕಬ್ಬಿಣದ ಡ್ರಮ್ಮು, ಒಳಗೆ ಕರೆಂಟಿಗೆ ಕಾಯುವ ಸುರುಳಿ, ಕಾಯಿಲು. ನೀರು ಒಂದು ಕಡೆ ಒಳಗೆ ಹೋಗಿ ಇನ್ನೊಂದು ಕಡೆ ಬೆಚ್ಚಗೆ ಬರುತ್ತಿತ್ತು. ನೀರು ಕಾದ ಮೇಲೆ ಸ್ವಿಚ್ಚು ಆರಿಸಿಯೇ ಮಗುವನ್ನು ಇಳಿಸಬೇಕು ಅಂತ ನಾನು ಕಟ್ಟುಮಾಡಿದ್ದೆ. ಮಗಳು ಅಂಚು ಹಿಡಿದು ನಿಲ್ಲುವುದನ್ನು ಕಲಿತಳು. ಆಮೇಲೆ ಒಂದು ಹೆಜ್ಜೆ ಎತ್ತಿದಳು. ಆ ದಿನ ನಾನು ಹಿತ್ತಲಲ್ಲೇ ಕೂತು ಅತ್ತೆ.

ಬೇಸಿಗೆ ಶುರುವಾಗಿತ್ತು. ಒಂದು ಸಂಜೆ ಮಗಳು ತೊಟ್ಟಿಯಲ್ಲಿ ನಿಂತು, "ಅವ್ವ, ನೀರು ಕಚ್ತೈತೆ" ಅಂದಳು.

ಸೋಮಾರಿತನ ಅಂದರು ಇವರು. ಪಕ್ಕದ ಮನೆಯ ದೊಡ್ಡತ್ತೆ, ಅಂದರೆ ಇವರ ದೊಡ್ಡಪ್ಪನ ಹೆಂಡತಿ, ತೊಟ್ಟಿಯಲ್ಲಿ ಇರುವೆ ಬಿದ್ದಿರಬೇಕು ಅಂದರು. ನಾನು ನೀರು ಸೋಸಿದೆ, ಇರುವೆ ಇರಲಿಲ್ಲ. ಮಾರನೇ ದಿನವೂ ಅದೇ ಮಾತು. ಅದರ ಮಾರನೇ ದಿನ ಸೊಪ್ಪು ಕೊಯ್ಯುವಾಗ ನನ್ನ ಬೆರಳು ಕುಡುಗೋಲಿಗೆ ಕುಯ್ದುಹೋಗಿತ್ತು. ಸಂಜೆ ಮಗಳನ್ನು ಇಳಿಸುವ ಮೊದಲು ನೀರಿನ ಬಿಸಿ ನೋಡಲು ಕೈ ಹಾಕಿದೆ. ಗಾಯದ ಬಾಯಲ್ಲಿ ಯಾರೋ ಸೂಜಿಯಾಡಿಸಿದ ಹಾಗಾಯಿತು, ಮೊಣಕೈವರೆಗೂ ಜುಮ್ ಅಂತು. ಈ ನೀರಿಗೆ ನಾನು ಇಷ್ಟು ದಿನ ಮಗುವನ್ನು ಇಳಿಸಿದ್ದೆ.

ಅಲ್ಲಿಂದ ಮನೆಯಲ್ಲಿ ಜಗಳ ಹೊತ್ತಿಕೊಂಡಿತು. ಇದನ್ನು ಗುಜರಿಗೆ ಹಾಕಿ ಹೊಸದು ತನ್ನಿ ಅಂತ ನಾನು. ಕಾಯಿಲು ಬದಲಾಯಿಸಿದರೆ ಸಾಕು, ಮೈ ಇನ್ನೂ ಗಟ್ಟಿಮುಟ್ಟಾಗಿದೆ ಅಂತ ಅವರು.

"ಹೊಸದು ತಂದ್ರೆ ಅದ್ರಲ್ಲಿ ಕರೆಂಟ್ ಇರಾಕಿಲ್ವೇನೇ? ಹಾಲ್ ಹರೀತದಾ ಅದ್ರಲ್ಲಿ?" ಎಂದರು.

"ಹಾಲೋ ಹಾಲಾಹಲವೋ, ಇದನ್ನ ಮಾತ್ರ ನಾನು ಮುಟ್ಟಾಕಿಲ್ಲ" ಎಂದೆ.

ನಾನು ಎಷ್ಟು ಕೂಗಾಡಿದರೂ ಕೊನೆಗೆ ಹಳೇ ಗಂಡನ ಪಾದವೇ ಗತಿ ಅಂತ ಹಳೇ ಹೀಟರೇ ಕನಕಪುರದ ಮೆಕ್ಯಾನಿಕ್ ಅಂಗಡಿಗೆ ಹೋಗಿಬಂತು. ಬೋರ್‌ವೆಲ್ ನೀರಿನ ಸುಣ್ಣ ಕಾಯಿಲಿಗೆ ಹಕ್ಕಳೆಗಟ್ಟಿದೆ, ಅಲ್ಲೇ ಸೀಳುಬಿಟ್ಟು ಕರೆಂಟು ಲೀಕಾಗುತ್ತಿದೆ ಎಂದು ಆತ ಹೊಸ ಕಾಯಿಲು ಹಾಕಿ ಕಳಿಸಿದ. ಬಂದ ದಿನ ಮಧ್ಯಾಹ್ನ ನಾನು ಗಾಯದ ಬೆರಳನ್ನೇ ಅದ್ದಿ ನೋಡಿದೆ, ಏನೂ ಆಗಲಿಲ್ಲ. ಸಂಜೆ ಮಗಳು ಕಾಲಿಟ್ಟವಳೇ ಹಿಂದಕ್ಕೆ ಎಳೆದುಕೊಂಡಳು. ಬಾಯಿಬಿಟ್ಟು ಏನೂ ಹೇಳಲಿಲ್ಲ, ನನ್ನ ಮುಖ ನೋಡಿದಳು. ನಾವು ನಂಬುವುದಿಲ್ಲ ಅಂತ ಅವಳಿಗೆ ಗೊತ್ತಾಗಿಬಿಟ್ಟಿತ್ತು.

ಆಗ ಇವರೂ ಹೆದರಿದರು. ಹಳೆಯದು ಗುಜರಿಗೆ ಹೋಯಿತು. ರಾಮನಗರದಿಂದ ಹೊಸ ಹೀಟರು ಬಂತು. ಅಂಗಡಿಯವನು, ಇದಕ್ಕೆ ಸರಿಯಾಗಿ ಅರ್ತ್ ಕೊಡಿ, ಕರೆಂಟು ಲೀಕಾದರೂ ಮೈಮೇಲೆ ನಿಲ್ಲದೆ ಭೂಮಿಗೆ ಹೋಗುತ್ತದೆ ಎಂದಿದ್ದನಂತೆ. ಹಳೆಯದಕ್ಕೆ ಕೂದಲೆಳೆಯಂಥ ತಂತಿ ಸಿಕ್ಕಿಸಿದ್ದವರು ಇದಕ್ಕೆ ದಪ್ಪ ತಂತಿ ಎಳೆದು, ನಮ್ಮ ಮನೆಗೂ ದೊಡ್ಡತ್ತೆಯ ಗಂಡ ದೊಡ್ಡಮಾವನ ಮನೆಗೂ ನಡುವೆ ಇದ್ದ ಅದೇ ಅರ್ತ್ ಗುಂಡಿಯ ಪೈಪಿಗೆ ಬಿಗಿದರು. ಉಪ್ಪು ಇದ್ದಿಲು ತುಂಬಿ, ಪೈಪು ಹೂಳಿದ್ದ ಆ ಗುಂಡಿ ಹಳೇ ಕಾಲದ್ದು. ಅಣ್ಣತಮ್ಮಂದಿರು ಭಾಗವಾದಾಗ ಒರಳುಕಲ್ಲನ್ನೂ ಬಿಡದೆ ಹಂಚಿಕೊಂಡಿದ್ದರು, ಗುಂಡಿ ಮಾತ್ರ ಜಂಟಿಯಾಗಿ ಉಳಿದಿತ್ತು.

ಹೊಸ ಹೀಟರಿನ ಮೊದಲ ಸಂಜೆ ಮಗಳನ್ನು ಇಳಿಸಿದೆ. ಸುಮ್ಮನೆ ನಿಂತಿದ್ದಳು. ನನಗೆ ಜೀವ ಬಂದ ಹಾಗಾಯಿತು. ಸ್ವಲ್ಪ ಹೊತ್ತಿಗೆ ಅವಳ ಎರಡೂ ಕೈ ಅಂಚಿನ ಮೇಲೆ ಸೆಟೆದವು. ಬಾಯಿ ತೆರೆದಿತ್ತು, ದನಿ ಬರಲಿಲ್ಲ. ನಾನು ರಟ್ಟೆ ಹಿಡಿದು ಎಳೆದೆ. ನನಗೂ ಹೊಡೆಯಿತು, ಬಿಡಲಿಲ್ಲ, ಇಬ್ಬರೂ ಹಿತ್ತಲಿನ ಮಣ್ಣಿಗೆ ಬಿದ್ದೆವು. ಅವಳು ಉಸಿರೆಳೆದುಕೊಂಡು ಅಳಲು ಶುರುಮಾಡುವ ತನಕ ನಾನು ಸತ್ತೇಹೋಗಿದ್ದೆ ಅನ್ನಬೇಕು.

ತೊಟ್ಟಿಯ ಸಹವಾಸ ನಿಂತಿತು. ಅದು ಮತ್ತೊಂದು ನರಕ. ದಿನ ಕಳೆದ ಹಾಗೆ ಮಗಳ ಹಿಮ್ಮಡಿ ಮತ್ತೆ ನೆಲ ಬಿಟ್ಟು ಮೇಲೇಳತೊಡಗಿತು. ಎಣ್ಣೆ ಹಚ್ಚಿ ತಿಕ್ಕುವಾಗ ಕೈಗೇ ಗೊತ್ತಾಗುತ್ತಿತ್ತು. ನೀರಿಗಿಳಿಸಿದರೆ ಜೀವ, ಇಳಿಸದಿದ್ದರೆ ಕಾಲು. ಅತ್ತ ದರಿ, ಇತ್ತ ಪುಲಿ. ದೊಡ್ಡತ್ತೆ ಬಂದು, "ಎರಡೆರಡು ಹೀಟ್ರು ಹಿಂಗಾಡ್ತವೆ ಅಂದ್ರೆ ತೊಟ್ಟಿಗೇ ದೃಷ್ಟಿ ಆಗೈತೆ ಕಣವ್ವ" ಎಂದು ಮೆಣಸಿನಕಾಯಿ, ಪೊರಕೆಕಡ್ಡಿ ಇಳಿ ತೆಗೆದು ತೊಟ್ಟಿಯ ಮುಂದೆ ಸುಟ್ಟರು. ಘಾಟು ಬರಲಿಲ್ಲ, ಅದೇ ಗುರುತು ಅಂದರು. ನಾನು ಹೂಂ ಅಂದೆ. ಆ ಹೊತ್ತಿಗೆ ಯಾರು ಏನು ಹೇಳಿದ್ದರೂ ಹೂಂ ಅನ್ನುತ್ತಿದ್ದೆ.

ಒಂದು ಸಂಜೆ ಮಗಳನ್ನು ಒಳಗೆ ಮಲಗಿಸಿ, ಮೀಟರ್ ಬೋರ್ಡಿನ ಫ್ಯೂಸು ಕಿತ್ತುಕೊಂಡು ಬಂದು, ಅದನ್ನು ಮಡಿಲಲ್ಲಿ ಹಾಕಿಕೊಂಡು ತೊಟ್ಟಿಯ ಅಂಚಿನಲ್ಲಿ ಕೂತೆ. ಈಗ ನಮ್ಮ ಮನೆಯಲ್ಲಿ ಎಲ್ಲೂ ಕರೆಂಟಿಲ್ಲ. ಇನ್ನು ಹೊಡೆಯುವುದಾದರೆ ಅದು ಹೀಟರಿನದ್ದಲ್ಲ. ಸೆರಗು ಬಾಯಿಗೆ ಕಚ್ಚಿಕೊಂಡು ಒಂದೇ ಒಂದು ಬೆರಳು ಅದ್ದಿದೆ. ಸಣ್ಣಗೆ ಜುಮ್ ಅನ್ನುತ್ತಿತ್ತು.

ಫ್ಯೂಸು ನನ್ನ ಮಡಿಲಲ್ಲಿ, ಕರೆಂಟು ನೀರಿನಲ್ಲಿ. ದೊಡ್ಡತ್ತೆ ಹೇಳಿದ್ದೇ ನಿಜವೇನೋ ಎಂದು ಬೆನ್ನು ತಣ್ಣಗಾಯಿತು. ಎದ್ದು ಓಡಬೇಕು ಅನ್ನಿಸಿದರೂ ಬೆರಳನ್ನು ನೀರಿನಲ್ಲೇ ಇಟ್ಟುಕೊಂಡು ಕೂತೆ. ಅಷ್ಟರಲ್ಲಿ ಗೋಡೆಯಾಚೆ ದೊಡ್ಡತ್ತೆ ಖಾರ ರುಬ್ಬಲು ಮಿಕ್ಸಿ ತಿರುಗಿಸಿದರು. ಅದು ಗುರ್ ಅಂದದ್ದೂ ನನ್ನ ಬೆರಳಿಗೆ ಬಡಿದದ್ದೂ ಒಟ್ಟಿಗೇ. ಕೈ ಕಿತ್ತುಕೊಂಡೆ. ಮಿಕ್ಸಿ ನಿಂತಿತು. ಮತ್ತೆ ಅದ್ದಿದೆ, ಬರೀ ಜುಮ್. ಮಿಕ್ಸಿ ಮತ್ತೆ ಗುರ್ ಅಂತು, ಮತ್ತೆ ಬಡಿಯಿತು.

ಫ್ಯೂಸು ಕೈಯಲ್ಲೇ ಹಿಡಿದುಕೊಂಡು ಪಕ್ಕದ ಮನೆಗೆ ನುಗ್ಗಿದೆ. ಜಗಲಿಯಲ್ಲಿ ದೊಡ್ಡಮಾವ ಬೀಡಿ ಸೇದುತ್ತ ಕೂತಿದ್ದರು. "ನಿಮ್ಮ ಮನೆ ಕರೆಂಟ್ ನಮ್ಮ ತೊಟ್ಟಿಗೆ ಬತ್ತಾ ಐತೆ ದೊಡ್ಡಮಾವ. ಏನ್ ಮಾಡಿದೀರಿ ಹೇಳಿ" ಎಂದೆ.

ಅವರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ನಿಧಾನಕ್ಕೆ ಹೇಳಿದರು. ಬೇಸಿಗೆ ಶುರುವಿನ ಗಾಳಿಗೆ ಕಂಬದ ಹತ್ತಿರ ಅವರ ಮನೆಯ ನ್ಯೂಟ್ರಲ್ ತಂತಿ, ಅಂದರೆ ಕರೆಂಟು ವಾಪಸ್ ಹೋಗುವ ತಂತಿ, ತುಂಡಾಗಿತ್ತು. ಲೈನ್‌ಮನ್ ಇವತ್ತು ನಾಳೆ ಅನ್ನುತ್ತಿದ್ದ. ದೊಡ್ಡಮಾವ ಕಾಯದೆ ಅದರ ಬದಲು ಇನ್ನೊಂದು ತಂತಿಯನ್ನು ಅರ್ತ್ ಗುಂಡಿಯ ಪೈಪಿಗೆ ಸುತ್ತಿದ್ದರು. ನಮ್ಮ ಕಡೆ ಇದು ಹೊಸದಲ್ಲ. ಅರ್ತ್ ಮೇಲೆ ಓಡಿಸೋದು ಅನ್ನುತ್ತಾರೆ. ನಮ್ಮ ಮನೆಯವರೇ ಪಂಪ್‌ಸೆಟ್ ಶೆಡ್ಡಿನ ಬಲ್ಬನ್ನು ಹಾಗೆ ಉರಿಸಿದ್ದುಂಟು. ಬೇಸಿಗೆಯಲ್ಲಿ ಆ ಗುಂಡಿಗೆ ನೀರು ಹುಯ್ಯಬೇಕು. ಜಂಟಿ ಗುಂಡಿ, ಅವರು ಹುಯ್ದಾರು ಅಂತ ನಾವು, ನಾವು ಹುಯ್ದೇವು ಅಂತ ಅವರು. ಒಣಗಿದ ಮಣ್ಣು ಹೀರಲಾರದ ಕರೆಂಟು, ನಾವು ಕಾಪಾಡಲಿ ಎಂದು ಎಳೆದಿದ್ದ ದಪ್ಪ ತಂತಿ ಹಿಡಿದು ಹೀಟರಿನ ಮೈಗೆ ಬಂದು, ಅಲ್ಲಿಂದ ನೀರಿಗೆ ಇಳಿಯುತ್ತಿತ್ತು.

"ಭೂಮ್ತಾಯಿ ಎಂಥೆಂಥದೋ ತಡ್ಕೋತಾಳೆ, ಒಂದು ಮಿಕ್ಸಿ ಕರೆಂಟ್ ತಡ್ಕೊಳಾಕಿಲ್ವಾ ಅಂದ್ಕಂಡೆ ಕಣವ್ವ" ಎಂದರು ದೊಡ್ಡಮಾವ. ಬೀಡಿ ಬೆರಳಿನಲ್ಲೇ ಆರಿಹೋಗಿತ್ತು. ಮಗಳು ನಿಲ್ಲಲು ಕಲಿಯುವಾಗ ದಿನಾ ಬಂದು ತೊಟ್ಟಿಯಂಚಿನಲ್ಲಿ ಕೂತು ಅವಳಿಗೆ ಕಡ್ಲೆಪುರಿ ತಿನ್ನಿಸುತ್ತಿದ್ದವರು ಅವರು. ಬಾಯಿಗೆ ಬಂದದ್ದನ್ನೆಲ್ಲ ಬೈಯಬೇಕು ಎಂದು ಹೋದವಳು, ಅವರ ಮುಖ ನೋಡಿ ಹಾಗೇ ಮನೆಗೆ ಹಿಂತಿರುಗಿದೆ. ಸಿಟ್ಟು ಮಾತ್ರ ಇಳಿಯಲಿಲ್ಲ, ಈಗಲೂ ಪೂರ್ತಿ ಇಳಿದಿಲ್ಲ.

ಮರುದಿನ ನಮ್ಮ ಮನೆಯವರು ಲೈನ್‌ಮನ್ನನ್ನು ಬೈಕಿನಲ್ಲಿ ಕೂರಿಸಿಕೊಂಡೇ ಬಂದು ಕಂಬದ ತಂತಿ ಹಾಕಿಸಿದರು. ನಮ್ಮ ಹೀಟರಿಗೆ ಬೇರೆ ಗುಂಡಿ ತೋಡಿದರು. ಎಲ್ಲ ಸರಿಯಾಯಿತು. ಆದರೆ ಮಗಳು ನೀರಿನ ಹತ್ತಿರ ಬರಲೊಲ್ಲಳು. ಎತ್ತಿಕೊಂಡು ಹಿತ್ತಲ ಬಾಗಿಲು ದಾಟಿದರೆ ಸಾಕು, ನನ್ನ ಕತ್ತು ಹಿಸುಕುವ ಹಾಗೆ ಅಪ್ಪಿಕೊಳ್ಳುತ್ತಿದ್ದಳು. ಬಲವಂತ ಮಾಡಲು ನನಗೂ ಧೈರ್ಯವಿರಲಿಲ್ಲ. ನಿಜ ಹೇಳಬೇಕೆಂದರೆ, ಅವಳು ಒಲ್ಲೆ ಅಂದಾಗ ಒಳಗೊಳಗೇ ನನಗೆ ಸಮಾಧಾನವಾಗುತ್ತಿತ್ತು.

ಒಂದು ಸಂಜೆ ದೊಡ್ಡಮಾವ ಹಿತ್ತಲಿಗೆ ಬಂದವರೇ ಪಂಚೆ ಎತ್ತಿಕಟ್ಟಿ ತೊಟ್ಟಿಗೆ ಇಳಿದುಬಿಟ್ಟರು. ನೀರಿನ ನಡುವೆ ನಿಂತು ತಮ್ಮ ಮನೆ ಕಡೆಗೆ ತಿರುಗಿ, "ಎಲ್ಲಾನೂ ಹಾಕೇ. ಲೈಟು, ಟೀವಿ, ಮಿಕ್ಸಿ, ಒಂದೂ ಬುಡ್ಬೇಡ" ಎಂದು ಕೂಗಿದರು. ನಾನು ಬೇಡಿ ದೊಡ್ಡಮಾವ, ಮೇಲೆ ಬನ್ನಿ ಅನ್ನುತ್ತಲೇ ಇದ್ದೆ. ಗೋಡೆಯಾಚೆ ಮಿಕ್ಸಿ ಗುರ್ ಅಂತು. ನಾನು ಕಣ್ಣು ಮುಚ್ಚಿಕೊಂಡೆ.

"ಕಚ್ತದಾ ತಾತ?" ಎಂದಳು ಮಗಳು, ನನ್ನ ಸೊಂಟದ ಮೇಲಿಂದ.

"ಇಲ್ಲ ಕಣವ್ವ."

"ಒಸೀನೂ ಕಚ್ಚಾಕಿಲ್ವಾ?"

"ಒಸೀನೂ ಇಲ್ಲ. ಬಾ."

ಅವಳು ಅವರ ಕಡೆಗೆ ಬಾಗಿದಳು. ನಾನು ಅಂಚಿನಲ್ಲಿ ಮಂಡಿಯೂರಿ ಅವಳನ್ನು ಇಳಿಸಿದೆ. ಬೆರಳು, ಪಾದ, ಮೊಣಕಾಲು. ಸೆಟೆಯಲಿಲ್ಲ. ದೊಡ್ಡಮಾವ ಎರಡೂ ಕೈ ಚಾಚಿ ನಿಂತಿದ್ದರು. ಮಿಕ್ಸಿ ಇನ್ನೂ ತಿರುಗುತ್ತಲೇ ಇತ್ತು. ನನ್ನ ಕೈ ಅವಳ ರಟ್ಟೆಯ ಮೇಲೆ ಬಿಗಿದುಕೊಂಡಿತ್ತು.

"ನೀನ್ ಹಿಡ್ಕಂಡೇ ಇದ್ರೆ ನಾನ್ ನಡಿಯೋದ್ ಹೆಂಗವ್ವ?" ಎಂದಳು.

ನಾನು ಬಿಡಲಿಲ್ಲ. ಅವಳೇ ಬಿಡಿಸಿಕೊಂಡು ಹೋದಳು.