ಟಾಮನನ್ನು ಕರೆದ ಸಂಜೆ

ಆ ದಿನಗಳಲ್ಲಿ ದೋಹಾದ ಮದೀನತ್ ಖಲೀಫಾ ಬಡಾವಣೆಯ ವಿಲ್ಲಾಗಳು ಹೊರಗಿನಿಂದ ನೋಡಿದರೆ ಒಂದೊಂದೇ ಮನೆ, ಒಳಗೆ ಹೋದರೆ ಒಂದೊಂದು ಊರು. ಪ್ಲೈವುಡ್ ಗೋಡೆ ಹಾಕಿ ಒಂದು ಹಜಾರವನ್ನು ಮೂರು ಸಂಸಾರಕ್ಕೆ ಹಂಚಿರುತ್ತಿದ್ದರು. ನಮ್ಮ ಮನೆಯ ಒಗ್ಗರಣೆಗೆ ಪಕ್ಕದ ಮನೆಯವರು ಸೀನುತ್ತಿದ್ದರು; ಅವರ ಮನೆಯ ಜಗಳದಲ್ಲಿ ಯಾರದು ತಪ್ಪು ಎಂದು ನಾವು ಊಟ ಮಾಡುತ್ತಾ ತೀರ್ಮಾನಿಸುತ್ತಿದ್ದೆವು. ಎ.ಸಿ.ಯ ಧೂಳು, ಹುರಿದ ಬಂಗುಡೆ, ಮಾಲೀಕರ ಮನೆಯಿಂದ ಬರುವ ಬಖೂರ್ ಧೂಪದ ಹೊಗೆ, ಇವು ಮೂರೂ ಸೇರಿದ ವಾಸನೆ ಈಗ ಎಲ್ಲಿ ಮೂಗಿಗೆ ಬಡಿದರೂ ನಾನು ಐದನೇ ಕ್ಲಾಸಿನ ಹುಡುಗಿಯಾಗುತ್ತೇನೆ.

ನಾವು ಮೂಲ್ಕಿ ಕಡೆಯವರು. ಅಪ್ಪ ಮೊದಲೇ ಇಲ್ಲಿ ಕಾರ್ಗೋ ಆಫೀಸೊಂದರಲ್ಲಿದ್ದರು. ನಾನು, ಅಮ್ಮ ಬಂದದ್ದು ಆ ವರ್ಷ. ಬರಬೇಕಾಗಿದ್ದವರು ಮೂರು ಜನ. ವೀಸಾ ಆಗುವ ಹೊತ್ತಿಗೆ ನನ್ನ ತಮ್ಮ ಪ್ರಜ್ಜು ಕಾಮಾಲೆಯಲ್ಲಿ ತೀರಿಕೊಂಡಿದ್ದ. ಊರು ಬಿಡುವ ದಿನ ಅಮ್ಮ ಹೊಸಿಲಲ್ಲಿ ನಿಂತು ಅವನನ್ನು ಜೊತೆಗೆ ಕರೆಯಲು ಹೊರಟಾಗ ಅಜ್ಜಿ ತಡೆದರು. ಸತ್ತವರು ಕಡಲು ದಾಟುವುದಿಲ್ಲ, ಸುಮ್ಮನೆ ಅರ್ಧ ದಾರಿಯಲ್ಲಿ ಅವನನ್ನು ಅಲೆಸಬೇಡ ಎಂದರು. ಅಮ್ಮ ಕರೆಯಲಿಲ್ಲ. ದೋಹಾಕ್ಕೆ ಬಂದ ಮೇಲೆ ಅವಳು ಮಾತಾಡುವುದೇ ಕಡಿಮೆಯಾಯಿತು. ಮಗನನ್ನು ಬಿಟ್ಟು ಬಂದೆ ಎಂಬುದೊಂದೇ ಅವಳ ತಲೆಯಲ್ಲಿತ್ತು. ಅವಳು ಊಟಕ್ಕೆ ಕೂತು ಉಣ್ಣದೆ ಎದ್ದು ಹೋಗುವುದನ್ನು ಕಂಡರೆ ನನಗೆ ಭಯವಾಗುತ್ತಿತ್ತು.

ಶಾಲೆಯಲ್ಲಿ ಆ ಚಳಿಗಾಲಕ್ಕೆ ಒಂದು ನಾಟಕ. ಕೊಟ್ಟಾಯಂ ಕಡೆಯ ನಮ್ಮ ಮಿಸ್ ಅದನ್ನು ತಾವೇ ಬರೆದಿದ್ದರು. ಹಿಂದೆ, ಹದಿನೇಳನೇ ಶತಮಾನದಲ್ಲಿ, ಇಂಗ್ಲೆಂಡಿನ ಒಬ್ಬ ನೇಕಾರ ಮಗ್ಗ ಮಾರಿ, ಹೆಂಡತಿ ಮಕ್ಕಳೊಂದಿಗೆ ಅಮೆರಿಕಕ್ಕೆ ಹೊರಟ ಕಥೆ. ಇಡೀ ಸಂಸಾರಕ್ಕೆ ಒಂದೇ ಪೆಟ್ಟಿಗೆ. ತಾಯಿ ಬೀಜದ ಗಂಟು ಇಡುತ್ತಾಳೆ, ಕಂಬಳಿ ಇಡುತ್ತಾಳೆ, ಬಾಣಲೆ ತೆಗೆದು ಮತ್ತೆ ಇಡುತ್ತಾಳೆ. ಫ್ರಿಜ್ಜಿನ ರಟ್ಟಿನ ಡಬ್ಬದಿಂದ ಮಾಡಿದ ಆ ಪೆಟ್ಟಿಗೆಯ ಮುಂದೆ ನಾವು ಬಿದ್ದು ಬಿದ್ದು ನಕ್ಕೆವು. ಉಪ್ಪಿನಕಾಯಿ ಬಾಟ್ಲಿಗಾಗಿ ಏರ್‌ಪೋರ್ಟಿನ ತಕ್ಕಡಿ ಮುಂದೆ ಸೂಟ್‌ಕೇಸ್ ಬಿಚ್ಚದ ಮನೆ ನಮ್ಮ ಕ್ಲಾಸಿನಲ್ಲಿ ಯಾವುದಿತ್ತು? ನೇಕಾರನ ಹೆಂಡತಿಯನ್ನು ನಮಗೆ ಯಾರೂ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ.

ನಗು ನಿಂತದ್ದು ಬಂದರಿನ ದೃಶ್ಯದಲ್ಲಿ. ಗಾಳಿಗಾಗಿ ಹಡಗು ಕಾಯುತ್ತಿರುವಾಗ ಕಿರಿಯ ಮಗ ಟಾಮ್ ಕೆಮ್ಮಿ ಕೆಮ್ಮಿ ಸಾಯುತ್ತಾನೆ. ಅವನನ್ನು ಅಲ್ಲೇ ಹೂಳುತ್ತಾರೆ. ಗಾಳಿ ಬಂದುಬಿಡುತ್ತದೆ, ಹಡಗು ಕಾಯುವುದಿಲ್ಲ. ಈ ಕುಟುಂಬ ನಿಜವಾಗಿಯೂ ಇತ್ತು, ಆ ಹುಡುಗನನ್ನು ಎಲ್ಲಿ ಹೂತರು ಎಂದು ಮಾತ್ರ ಯಾರಿಗೂ ತಿಳಿಯದು ಎಂದು ಮಿಸ್ ಹೇಳಿದಾಗ ಕ್ಲಾಸು ತಣ್ಣಗಾಯಿತು. ನಾಟಕದಲ್ಲಿ ನಾನು ಅವನ ಅಕ್ಕ ಹ್ಯಾನಾ. ದಡ ದೂರವಾಗುತ್ತಿರುವಾಗ ನಾನು ಎರಡೂ ಕೈ ಚಾಚಿ, "ಟಾಮ್, ಕಮ್ ಅಲಾಂಗ್" ಎಂದು ಕೂಗಬೇಕಿತ್ತು. ಬಸ್ಸಿನಲ್ಲಿ, ಬಚ್ಚಲಲ್ಲಿ, ಹಿತ್ತಲ ಮರಳಿನಲ್ಲಿ ಲಗೋರಿ ಆಡುವಾಗಲೂ ನಾನು ಅದನ್ನೇ ಕೂಗುತ್ತಿದ್ದೆ.

ಅಷ್ಟರಲ್ಲಿ ದೀಪಾವಳಿ ಬಂತು. ನಮ್ಮ ತುಳುವರ ಮನೆಗಳಲ್ಲಿ ಆಗ ಸತ್ತವರಿಗೂ ಹಬ್ಬ. ಸಂಜೆ ಅವರಿಗೆ ಇಷ್ಟವಾದದ್ದನ್ನು ಎಲೆಯಲ್ಲಿ ಬಡಿಸಿ, ಮನೆಯವರೊಬ್ಬರು ಹೊಸಿಲಲ್ಲಿ ಹೊರಮುಖ ಮಾಡಿ ನಿಂತು, ಒಳಗೆ ಬನ್ನಿ ಎಂದು ಕರೆಯಬೇಕು. ಆಮೇಲೆ ಕೋಣೆಯ ಬಾಗಿಲು ಹಾಕಿ ಸ್ವಲ್ಪ ಹೊತ್ತು ಬಿಟ್ಟು, ತಟ್ಟಿ, ತೆರೆಯಬೇಕು. ಕಡಲು ದಾಟುವುದಿಲ್ಲ ಎಂಬ ಅಜ್ಜಿಯ ಮಾತನ್ನು ಅಮ್ಮ ಆ ವರ್ಷ ಬದಿಗಿಟ್ಟಳು. ಮಲಯಾಳಿ ಅಂಗಡಿಯಿಂದ ಬಾಳೆಲೆ ತರಿಸಿದಳು. ಕೋರಿ ರೊಟ್ಟಿ, ಬಂಗುಡೆ, ಅನ್ನ, ಪ್ರಜ್ಜು ಹಟ ಹಿಡಿದು ತಿನ್ನುತ್ತಿದ್ದ ಸಿಗಡಿ ಎಲ್ಲವನ್ನೂ ಮಾಡಿದಳು. ತಿಂಗಳುಗಳ ಮೇಲೆ ಅಡುಗೆಮನೆಯಲ್ಲಿ ಅವಳ ಬಳೆಯ ಸದ್ದು ಕೇಳಿ ಅಪ್ಪ ಲಾಂಡ್ರಿಯಿಂದ ತಂದ ಮುಂಡು ಉಟ್ಟರು.

"ನೀನೇ ಕರಿ," ಎಂದಳು ಅಮ್ಮ. "ನಿನ್ನ ಸ್ವರ ಅವನಿಗೆ ಗೊತ್ತುಂಟು."

ಮಸೀದಿಯಲ್ಲಿ ಸಂಜೆಯ ಮಗ್ರಿಬ್ ಬಾಂಗು ಆಗಷ್ಟೇ ಮುಗಿದಿತ್ತು. ಓಣಿಯಲ್ಲಿ ಒಂದು ಬೆಕ್ಕೂ ಇರಲಿಲ್ಲ. ನಾನು ಹೊಸಿಲಲ್ಲಿ ನಿಂತೆ, ಎರಡೂ ಕೈ ಚಾಚಿದೆ. ಕೈ ಚಾಚಿದ್ದೇ ತಪ್ಪಾಯಿತು. ಕೈಯ ಹಿಂದೆಯೇ ಬಾಯಿ ಹೋಯಿತು.

"ಟಾಮ್, ಕಮ್ ಅಲಾಂಗ್."

ಅಮ್ಮ ಬೆನ್ನಿಗೊಂದು ತಿವಿದಳು. ತಕ್ಷಣ ತಿದ್ದಿಕೊಂಡು, "ಪ್ರಜ್ಜೂ, ಉಳಾಯಿ ಬಲ" ಎಂದು ತುಳುವಿನಲ್ಲಿ ತಮ್ಮನನ್ನು ಒಳಗೆ ಕರೆದೆ. ಆದರೆ ಅಷ್ಟರಲ್ಲೇ ನನ್ನ ಮೊಣಕಾಲಿನ ಪಕ್ಕದಿಂದ ತಣ್ಣನೆಯದೇನೋ ಸರಿದು ಒಳಗೆ ಹೋಗಿಯಾಗಿತ್ತು. ಅದರಲ್ಲಿ ಹಸಿ ಉಣ್ಣೆಯ ವಾಸನೆಯಿತ್ತು. ದೋಹಾದಲ್ಲಿ ಉಣ್ಣೆಯನ್ನು ಯಾರು ಒದ್ದೆ ಮಾಡಿಕೊಳ್ಳುತ್ತಾರೆ?

ಬಾಗಿಲು ತಟ್ಟಿ ತೆರೆದಾಗ ಸಿಗಡಿ ಹಾಗೇ ಇತ್ತು. ಬಂಗುಡೆ ಹಾಗೇ ಇತ್ತು. ಬರೀ ಅನ್ನದ ರಾಶಿಯ ಒಂದು ಬದಿಯಲ್ಲಿ ಸಣ್ಣ ಹೊಂಡ, ನುಣ್ಣಗೆ, ಚಮಚದಿಂದ ತೋಡಿದ ಹಾಗೆ. ಎ.ಸಿ. ಗಾಳಿ ಎಂದರು ಅಪ್ಪ. ಅಮ್ಮನಿಗೆ ಅದೆಲ್ಲ ಬೇಕಿರಲಿಲ್ಲ. ಮಗ ಬಂದ ಎಂದು ಅವಳು ಅತ್ತಳು, ನಕ್ಕಳು, ಉಳಿದ ಸಿಗಡಿಯನ್ನು ನಮಗೆ ಬಡಿಸಿ ತಾನೂ ಉಂಡಳು. ಮೊಣಕಾಲಿನ ಪಕ್ಕ ಸರಿದು ಹೋದದ್ದರ ವಿಷಯ ನಾನು ಬಾಯಿ ಬಿಡಲಿಲ್ಲ. ಅವಳು ಉಣ್ಣುವುದನ್ನು ನೋಡುವುದೇ ನನಗೆ ಹಬ್ಬವಾಗಿತ್ತು.

ಕೆಲವು ದಿನಗಳ ಮೇಲೆ ಪಕ್ಕದ ಪೋರ್ಷನ್ನಿಗೆ ಉಳ್ಳಾಲದ ಜೊಹರಾ ಆಂಟಿ ಹೊಸದಾಗಿ ಬಂದರು. ನಮ್ಮ ಮನೆಯಲ್ಲಿ ಯಾರಿದ್ದಾರೆ ಎಂಬುದು ಅವರಿಗಿನ್ನೂ ಗೊತ್ತಿರಲಿಲ್ಲ. ಪತ್ತಿರ್ ರೊಟ್ಟಿಯ ತಟ್ಟೆ ಹಿಡಿದು ಬಂದವರು ಕೂರುವ ಮೊದಲೇ ಕೇಳಿದರು.

"ನಿಮ್ಮ ಸಣ್ಣ ಮಗನಿಗೆ ಕೆಮ್ಮು ಜೋರು ಉಂಟಲ್ಲ ಮಾರಾಯ್ತಿ, ಡಾಕ್ಟರಿಗೆ ತೋರಿಸ್ಲಿಲ್ವಾ?"

ಯಾವ ಮಗ ಎಂದು ಅಮ್ಮ ಕೇಳಿದಳು. ಗೋಡೆಯಾಚೆ ಮಲಗುತ್ತಾನಲ್ಲ, ಅವನೇ ಎಂದರು ಆಂಟಿ. ಗೋಡೆಯ ಈಚೆ ನಮ್ಮ ಸೂಟ್‌ಕೇಸ್‌ಗಳನ್ನು ಒಟ್ಟಿದ್ದ ಸಣ್ಣ ಕೋಣೆ. ಅಲ್ಲಿ ಯಾರೂ ಮಲಗುತ್ತಿರಲಿಲ್ಲ.

ಆಂಟಿ ಹೋದ ಮೇಲೆ ಅಮ್ಮ ಆ ಕೋಣೆಗೆ ಹೋಗಿ ಸೂಟ್‌ಕೇಸಿನ ಮೇಲೆ ಕೂತಳು. ನಾನು ಬಾಗಿಲಲ್ಲಿದ್ದೆ. ಹೊರಗೆ ಇನ್ನೂ ಬಿಸಿಲಿತ್ತು, ನೀರಿನ ಟ್ಯಾಂಕರು ಬಂದ ಸದ್ದಿತ್ತು. ಆಮೇಲೆ ಅದು ಕೇಳಿಸಿತು. ಒಣ ಕೆಮ್ಮು, ಯಾರಿಗೂ ತೊಂದರೆಯಾಗದಿರಲಿ ಎಂದು ಬಾಯಿ ಮುಚ್ಚಿಕೊಂಡು ಕೆಮ್ಮಿದಂತೆ. ಅಮ್ಮ ತಲೆ ವಾಲಿಸಿ ಕೇಳಿದಳು, ಮತ್ತೊಮ್ಮೆ ಕೇಳಿದಳು. ಅವಳ ಮುಖ ನಿಧಾನವಾಗಿ ಇಳಿದುಹೋಯಿತು.

"ಇದು ನಮ್ಮವ ಅಲ್ಲ," ಎಂದಳು.

ಆಗ ನಾನು ಟಾಮನ ಕಥೆಯನ್ನು ಅಮ್ಮನಿಗೆ ಪೂರ್ತಿ ಹೇಳಿದೆ. ಮಗ್ಗ, ಪೆಟ್ಟಿಗೆ, ಬಂದರು, ಗಾಳಿ ಎಲ್ಲ. ಅವಳು ನಡುವೆ ಒಂದೇ ಒಂದು ಪ್ರಶ್ನೆ ಕೇಳಿದಳು: ಅವನ ತಾಯಿ ತಿರುಗಿ ನೋಡಿದಳಾ? ನಾಟಕದಲ್ಲಿ ಅದು ಇಲ್ಲ ಎಂದೆ.

ವಿಷಯ ತಿಳಿದ ಅಪ್ಪ ಊರಿಗೆ ಫೋನು ಮಾಡಿ, ಇದನ್ನು ಕಳಿಸುವ ದಾರಿ ತಿಳಿದವರನ್ನು ಕೇಳುತ್ತೇನೆ ಎಂದು ಹೊರಟರು. ಅಮ್ಮ ಒಪ್ಪಲಿಲ್ಲ.

"ಹೊಸಿಲಲ್ಲಿ ನಿಂತು ಬಾ ಅಂತ ಕರ್ದದ್ದು ನಾವು. ಬಂದ ಮೇಲೆ ಹೋಗು ಹೇಳ್ಲಿಕ್ಕೆ ಆಗ್ತದಾ? ಇಷ್ಟು ವರ್ಷ ಅವನನ್ನು ಯಾರೂ ಕರೀಲೇ ಇಲ್ಲ."

ಅಂದಿನಿಂದ ಆ ಕೋಣೆಯಲ್ಲಿ ಒಂದು ಲೋಟ ಬಿಸಿ ಹಾಲು, ಒಂದು ತುಂಡು ಖುಬೂಸು ರೊಟ್ಟಿ. ಹಾಲಿಗೆ ಅರಿಶಿನ ಹಾಕಿದ ದಿನ ಅದು ಹಾಗೇ ಕೆನೆಗಟ್ಟಿರುತ್ತಿತ್ತು. ಇವನಿಗೆ ನಮ್ಮ ಮದ್ದು ಆಗುವುದಿಲ್ಲ ಎಂದು ಅಮ್ಮ ಗೊಣಗುತ್ತಾ ಬೇರೆ ಹಾಲು ಕಾಯಿಸುತ್ತಿದ್ದಳು. ಬೈಯಲು ಒಂದು ಮಗು ಸಿಕ್ಕಿದ ಮೇಲೆ ಅವಳು ಬದುಕಿಕೊಂಡಳು. ಕೆಮ್ಮು ಕಡಿಮೆಯಾಯಿತು. ನನಗೆ ಮಾತ್ರ ಹೊಟ್ಟೆಕಿಚ್ಚು. ತಮ್ಮನ ಜಾಗದಲ್ಲಿ ಯಾರೋ ಬಂದು ಕೂತ ಹಾಗೆ. ಜೊತೆಗೆ ಹೆದರಿಕೆ. ಆ ಕೋಣೆಯ ಮುಂದೆ ನಾನು ಓಡಿಯೇ ದಾಟುತ್ತಿದ್ದೆ.

ನಾಟಕದ ದಿನ ಅಮ್ಮ ಪಕ್ಕದ ಕುರ್ಚಿಯ ಮೇಲೆ ತನ್ನ ಚೀಲ ಇಟ್ಟು ಯಾರಿಗೂ ಕೂರಲು ಬಿಡಲಿಲ್ಲ. ನಾನು ಹಡಗಿನ ಮೇಲಿಂದ ಕೈ ಚಾಚಿ ಕೂಗಿದೆ. ಸಭೆಯಲ್ಲಿ ಎಲ್ಲರೂ ನನ್ನನ್ನು ನೋಡುತ್ತಿದ್ದರು. ಅಮ್ಮ ಮಾತ್ರ ಆ ಖಾಲಿ ಕುರ್ಚಿಯ ಕಡೆ ಬಾಗಿ, ಏನೋ ಸಮಾಧಾನ ಹೇಳುತ್ತಿದ್ದಳು.

ಆ ವಿಲ್ಲಾ ಈಗಿಲ್ಲ. ಅದನ್ನು ಕೆಡವುವ ಮೊದಲು ನಾವು ಅಲ್ ವಕ್ರಾದ ಫ್ಲಾಟಿಗೆ ಬಂದೆವು. ಹೊರಡುವಾಗ ಅಮ್ಮ ಹೊಸಿಲಲ್ಲಿ ನಿಂತು ಯಾರಪ್ಪಣೆಯನ್ನೂ ಕೇಳದೆ ಕರೆದಳು: "ಬಲ ಮಗಾ, ಪೋಯಿ." ಬಾ ಮಗನೇ, ಹೋಗೋಣ. ಪ್ರತಿ ದೀಪಾವಳಿಗೆ ಎರಡು ಎಲೆ ಹಾಕಿದಳು. ಸಿಗಡಿಯನ್ನು ಯಾರೂ ಮುಟ್ಟಲಿಲ್ಲ. ಪ್ರಜ್ಜು ಕೊನೆಗೂ ಬರಲಿಲ್ಲ.

ಹೋದ ವರ್ಷ ಅಮ್ಮ ರಜೆಗೆಂದು ಊರಿಗೆ ಹೋದವಳು ಅಲ್ಲೇ ತೀರಿಕೊಂಡಳು. ಕಡಲ ಆಚೆ, ಮಗನಿರುವ ಕಡೆ. ಅಜ್ಜಿಯ ಮಾತು ನಿಜವಾದರೆ ಅವರಿಬ್ಬರೂ ಈಗ ಜೊತೆಯಲ್ಲಿದ್ದಾರೆ, ನನಗೆ ಅದು ಸಂತೋಷವೇ. ಈ ದೀಪಾವಳಿಗೆ ನಾನು ಹೊಸಿಲಲ್ಲಿ ನಿಂತು ಅಮ್ಮನನ್ನು ಕರೆದೆ. ತುಳು ಬಾರದ ನನ್ನ ಮಗಳು ಪಕ್ಕದಲ್ಲಿ ನಿಂತು ಅರ್ಥ ಕೇಳುತ್ತಿದ್ದಳು. ಬಾಗಿಲು ತಟ್ಟಿ ತೆರೆದಾಗ ಅಮ್ಮನ ಎಲೆ ಬಡಿಸಿದಂತೆಯೇ ಇತ್ತು. ಪಕ್ಕದ ಟಾಮನ ಎಲೆಯಲ್ಲೂ ಅನ್ನಕ್ಕೆ ಹೊಂಡ ಬಿದ್ದಿರಲಿಲ್ಲ.

ಅಮ್ಮ ಹೋದಂದಿನಿಂದ ಕೆಮ್ಮು ಮತ್ತೆ ಶುರುವಾಗಿದೆ. ಮುಶೈರಿಬ್‌ನ ಆಫೀಸಿನಿಂದ ಬಂದವಳೇ ನಾನು ಹಾಲು ಕಾಯಿಸಿ, ಈ ಫ್ಲಾಟಿನ ಸೂಟ್‌ಕೇಸುಗಳ ಕೋಣೆಯಲ್ಲಿ ಇಡುತ್ತೇನೆ. ಅರಿಶಿನ ಹಾಕುವುದಿಲ್ಲ. ಈಗ ಓಡುವುದೂ ಇಲ್ಲ. ಹಾಲು ಹಾಗೇ ಕೆನೆಗಟ್ಟುತ್ತದೆ. ಇನ್ನೊಂದು ಹಡಗು ಅವನನ್ನು ಬಿಟ್ಟು ಹೋಗಿದೆ ಎಂದು ಅವನಿಗೆ ಹೇಗೆ ಹೇಳಲಿ? ಗೋಡೆಗೊರಗಿ ಅವನ ಪಕ್ಕದಲ್ಲಿ ಕೂತುಕೊಳ್ಳುತ್ತೇನೆ. ಅಮ್ಮ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿದೆ.