ಹಿತ್ತಿಲ ಬಾಗಿಲಲ್ಲಿ ಎಪ್ಪತ್ತು ನಿಮಿಷ

ಎಗೊನ್ ಗ್ರಾಬೋಶ್ ಹೇಡಿ. ನಲವತ್ತು ವರ್ಷ ಶಾಲೆಯಲ್ಲಿ ಲ್ಯಾಟಿನ್ ಕಲಿಸಿದವಳು ನಾನು. ತಪ್ಪು ಒಪ್ಪಿಕೊಳ್ಳುವ ಮುಖ ಯಾವುದು, ಗೋಡೆ ನೋಡುವ ಮುಖ ಯಾವುದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಗೊನ್ ಗೋಡೆ ನೋಡುವವನು.

ಜರ್ಮನಿಯ ನಮ್ಮ ರೂರ್ ಗಣಿ ಸೀಮೆಯಲ್ಲಿ ಅವನನ್ನು ಹೇಡಿ ಎನ್ನುವವಳು ನಾನೊಬ್ಬಳೇ. ಹದಿನಾರಕ್ಕೆ ಕಲ್ಲಿದ್ದಲ ಗಣಿಗೆ ಇಳಿದ, ಇಪ್ಪತ್ತಕ್ಕೆ ಊರ ಫುಟ್‌ಬಾಲ್ ಕ್ಲಬ್ಬಿನ ಸಂಬಳದ ಆಟಗಾರನಾದ, ಇಪ್ಪತ್ತೇಳಕ್ಕೆ ಮೊದಲ ದರ್ಜೆಯ ಲೀಗ್ ಸೇರಿ ನೂರ ಎಂಬತ್ತೇಳು ಪಂದ್ಯ ಆಡಿದ. ಒಂದು ಗೋಲೂ ಹೊಡೆಯಲಿಲ್ಲ. ಅವನ ಕೆಲಸ ತಡೆಯುವುದಾಗಿತ್ತು. ಮೊಣಕಾಲು ಕೈಕೊಟ್ಟ ಮೇಲೆ ರೈಲು ನಿಲ್ದಾಣದ ಎದುರು ಲಾಟರಿ ಚೀಟಿ, ಸಿಗರೇಟು ಮಾರುವ ಅಂಗಡಿ ಇಟ್ಟ. ಜನ ಚೀಟಿಗಿಂತ ಅವನ ಹಳೆಯ ಆಟದ ಮಾತಿಗಾಗಿ ಅಲ್ಲಿ ಸೇರುತ್ತಿದ್ದರು.

ದೊಡ್ಡ ಲೀಗಿಗೆ ಅವನನ್ನು ಒಯ್ದದ್ದು ಒಂದೇ ಪಂದ್ಯ. 1965ರ ಮೇ ತಿಂಗಳ ಒಂದು ಭಾನುವಾರ. ನಮ್ಮ ತಂಡಕ್ಕೆ ಅವನು ಕ್ಯಾಪ್ಟನ್, ನನ್ನ ತಮ್ಮ ಹೆರಿಬರ್ಟ್ ಗೋಲ್‌ಕೀಪರ್. ಇಪ್ಪತ್ತನೇ ನಿಮಿಷದಲ್ಲಿ ಎದುರಾಳಿಯೊಬ್ಬನ ಮೊಣಕಾಲು ಹೆರಿಬರ್ಟನ ತಲೆಗೆ ಬಡಿಯಿತು. ಆಗ ಬದಲಿ ಆಟಗಾರರನ್ನು ಇಳಿಸುವ ಪದ್ಧತಿಯೇ ಇರಲಿಲ್ಲ. ಗೋಲ್‌ಕೀಪರ್ ಹೊರಗೆ ಹೋದರೆ ಉಳಿದ ಹತ್ತು ಜನರಲ್ಲೇ ಒಬ್ಬ ಅವನ ಜಾಗದಲ್ಲಿ ನಿಲ್ಲಬೇಕು. ಗೋಲಿನ ಹಿಂದಿನ ಕಂಬಿಗೆ ಒರಗಿ ನಿಂತಿದ್ದ ನಾನು ಎಗೊನ್ ಹೇಳಿದ್ದನ್ನು ಕಿವಿಯಾರೆ ಕೇಳಿದ್ದೇನೆ.

"ಏಳೋ ಹೆರಿ, ಏನೂ ಆಗಿಲ್ಲ. ಸುಮ್ನೆ ನಿಂತಿರು, ಸಾಕು. ಬಾಲ್ ನಿನ್ ಹತ್ರ ಬರೋಕೆ ನಾನ್ ಬಿಡಲ್ಲ. ನಾನ್ ಹೇಳೋ ತನಕ ಜಾಗ ಬಿಡ್ಬೇಡ."

ಬಿಡಲಿಲ್ಲ. ಉಳಿದ ಎಪ್ಪತ್ತು ನಿಮಿಷ ಒಂದು ಚೆಂಡೂ ಗೋಲಿನ ಹತ್ತಿರ ಸುಳಿಯದಂತೆ ಎಗೊನ್ ತನ್ನ ಬದುಕಿನ ಅತ್ಯುತ್ತಮ ಆಟ ಆಡಿದ. ನೋಡಲು ಬಂದಿದ್ದ ದೊಡ್ಡ ಕ್ಲಬ್ಬಿನವರು ಅವನನ್ನು ಆರಿಸಿಕೊಂಡರು. ಗೆದ್ದ ಗಲಾಟೆಯಲ್ಲಿ ಎಲ್ಲರೂ ಅವನನ್ನು ಹೆಗಲ ಮೇಲೆ ಹೊತ್ತು ನಡೆದರು. ಹೆರಿಬರ್ಟನಿಗೆ "ಮುಗೀತು, ಬಾ" ಎಂದು ಯಾರೂ ಹೇಳಲಿಲ್ಲ. ಮೈದಾನ ಖಾಲಿಯಾದ ಮೇಲೂ ಅವನು ಕಂಬಗಳ ನಡುವೆಯೇ ನಿಂತಿದ್ದ.

ತಲೆಯ ಪೆಟ್ಟಿಗೆ ಆಸ್ಪತ್ರೆ ಸೇರಿ ಮನೆಗೆ ಬಂದ ಮೇಲೆ, ವಾರದಲ್ಲಿ ಆರು ದಿನ ಅವನು ಸುಮಾರಾಗಿ ಸರಿ ಇರುತ್ತಿದ್ದ. ಚರ್ಚಿನ ಅಂಗಳ ಗುಡಿಸುತ್ತಿದ್ದ, ನನಗೆ ಆಲೂಗಡ್ಡೆ ಸುಲಿದುಕೊಡುತ್ತಿದ್ದ. ಭಾನುವಾರ ಮಧ್ಯಾಹ್ನ ಮೂರಕ್ಕೆ ಗೋಲಿನಲ್ಲಿ ನಿಲ್ಲುವಾಗ ಹಾಕುತ್ತಿದ್ದ ಹಳೆಯ ಬಟ್ಟೆಯ ಟೊಪ್ಪಿ ಹಾಕಿಕೊಂಡು ಹಿತ್ತಿಲ ಬಾಗಿಲಲ್ಲಿ, ಚೌಕಟ್ಟಿನ ನಡುವೆ, ಹೊರಗೆ ಮುಖ ಮಾಡಿ ನಿಲ್ಲುತ್ತಿದ್ದ. ಕತ್ತಲಾಗುವ ತನಕ ಯಾರನ್ನೂ ದಾಟಗೊಡುತ್ತಿರಲಿಲ್ಲ. ಕೋಳಿಗಳಿಗೆ ಕಾಳು ಹಾಕಬೇಕಾದರೆ ನಾನು ಮುಂಬಾಗಿಲಿಂದ ಹೊರಟು ಬೀದಿ ಸುತ್ತಿ ಹೋಗಬೇಕು. ಅವನ ಕಣ್ಣು ಕೋಳಿಗೂಡಿನ ಮೇಲಿಂದ ಬೇಲಿಯತ್ತ, ಬೇಲಿಯಿಂದ ಮತ್ತೆ ಇತ್ತ, ಏನನ್ನೋ ಹಿಂಬಾಲಿಸುತ್ತಿತ್ತು. ನಾನು ದೆವ್ವಗಳನ್ನು ನಂಬುವವಳಲ್ಲ. ಆದರೂ ಕೆಲವೊಮ್ಮೆ, ಚೆಂಡು ಬಂತೇನೋ ಎಂದು ತಲೆ ಬಗ್ಗಿಸಿದ್ದೇನೆ.

"ಆಟ ಮುಗಿದು ವರ್ಷಗಳೇ ಆಯ್ತು ಕಣೋ, ಒಳಗೆ ಬಾ."

"ಕ್ಯಾಪ್ಟನ್ ಹೇಳ್ಲಿಲ್ವಲ್ಲ, ಅಕ್ಕ."

ಕ್ಯಾಪ್ಟನ್ ಆಸ್ಪತ್ರೆಗೂ ಬರಲಿಲ್ಲ, ಮನೆಗೂ ಬರಲಿಲ್ಲ. ನಲವತ್ತಾರು ವರ್ಷ.

ಕಳೆದ ವಸಂತದಲ್ಲಿ ವೈದ್ಯರು ಹೆರಿಬರ್ಟನ ಹೃದಯ ಪರೀಕ್ಷಿಸಿ, ಇನ್ನು ಹೀಗೆ ಗಂಟೆಗಟ್ಟಲೆ ನಿಂತರೆ ನಿಂತಲ್ಲೇ ಬಿದ್ದು ಹೋಗುತ್ತಾನೆ ಎಂದರು. ಕೂರಿಸಲು ನನ್ನಿಂದಾಗಲಿಲ್ಲ. ಆಗ, ಅಷ್ಟೂ ವರ್ಷ ಎದುರು ಬದಿಯಿಂದಲೇ ದಾಟಿ ಹೋಗಿದ್ದ ಎಗೊನ್‌ನ ಅಂಗಡಿಗೆ ಕಾಲಿಟ್ಟೆ.

"ಓಹೋ, ಮೇಡಮ್ಮೋರು! ಲ್ಯಾಟಿನ್ನಲ್ಲಿ ಅದೃಷ್ಟದ ನಂಬರ್ ಏನಾದ್ರೂ ಸಿಕ್ತಾ?" ಎಂದ ಗಿರಾಕಿಯೊಬ್ಬ. ಉಳಿದವರು ನಕ್ಕರು. ಎಗೊನ್ ನಗಲಿಲ್ಲ.

ನಾನು ವಿಷಯ ಹೇಳಿದೆ. "ಒಂದ್ ಮಾತು ಹೇಳ್ಬೇಕು, ಅಷ್ಟೆ. ಆಟ ಮುಗೀತು ಅಂತ. ನೀವ್ ಹೇಳಿದ್ರೆ ಮಾತ್ರ ಕೇಳ್ತಾನೆ."

"ಈಗ ನನ್ ಗುರುತು ಸಿಗತ್ತಾ ಅವನಿಗೆ?"

"ಸಿಗ್ಬಾರ್ದು ಅಂತ ಆಸೆನಾ?"

ಎಗೊನ್ ಸಿಗರೇಟು ಪೊಟ್ಟಣಗಳ ಕಡೆ ತಿರುಗಿದ. "ಭಾನುವಾರ ನಮ್ ಇಸ್ಪೀಟ್ ಆಟ ಇರತ್ತೆ, ಮೇಡಂ."

ಅಂದುಕೊಂಡದ್ದೇ ಆಯಿತೆಂದು ಮನೆಗೆ ಬಂದೆ.

ಭಾನುವಾರ ಮೂರೂ ಇಪ್ಪತ್ತಕ್ಕೆ ಹಿತ್ತಿಲ ಬೇಲಿಯ ಗೇಟು ಕಿರುಗುಟ್ಟಿತು. ಎಗೊನ್ ಕುಂಟುತ್ತ, ಕೋಳಿಗಳನ್ನು ದಾಟಿ ಬಂದ. ಬಾಗಿಲಲ್ಲಿ ನಿಂತಿದ್ದ ಹೆರಿಬರ್ಟನ ತುಟಿ ಬೂದಿಬಣ್ಣಕ್ಕೆ ತಿರುಗಿತ್ತು. ನೋಡಿದ ಕೂಡಲೇ ಕೇಳಿದ: "ಕ್ಯಾಪ್ಟನ್, ಇನ್ನೆಷ್ಟು ಹೊತ್ತು?"

ಎಗೊನ್ ಗೋಡೆ ನೋಡಿದ. "ಮುಗೀತು" ಎನ್ನುತ್ತಾನೆಂದು ನಾನು ಕಾದೆ.

"ಇನ್ನೂ ಎಪ್ಪತ್ತು ನಿಮಿಷ ಇದೆ ಹೆರಿ," ಎಂದ. "ನಿನಗೆ ಪೆಟ್ಟಾಗಿದೆ. ನೀನ್ ಹೊರಗ್ ಹೋಗು. ನಾನ್ ನಿಲ್ತೀನಿ."

ಕೈ ಚಾಚಿದ. ಹೆರಿಬರ್ಟ್ ಟೊಪ್ಪಿ ತೆಗೆದುಕೊಟ್ಟು ಅಡುಗೆಮನೆಯ ಮೇಜಿನ ಮುಂದೆ ಕುಳಿತ. ತಟ್ಟೆಯಲ್ಲಿದ್ದ ಪ್ಲಮ್ ಕೇಕನ್ನು ಹತ್ತಿರ ಎಳೆದುಕೊಂಡ.

ಟೊಪ್ಪಿ ಎಗೊನ್‌ಗೆ ಚಿಕ್ಕದು. ಎಪ್ಪತ್ತಮೂರರ ಮುದುಕ ಚೌಕಟ್ಟಿನ ನಡುವೆ, ಕೆಟ್ಟ ಮೊಣಕಾಲನ್ನು ಸ್ವಲ್ಪ ಬಗ್ಗಿಸಿ, ಹೊರಗೆ ಮುಖ ಮಾಡಿ ನಿಂತ. ಕಾಲು ಗಂಟೆಯಲ್ಲಿ ಆ ಕಾಲು ನಡುಗಲು ಶುರುವಾಯಿತು. ನಾನು ಕುರ್ಚಿ ತಂದೆ.

"ಗೋಲಿನ ಬಾಯಲ್ಲಿ ಕುರ್ಚಿ ಹಾಕ್ತಾರಾ, ಮೇಡಂ?" ಎಂದ, ಬೇಲಿಯಿಂದ ಕಣ್ಣು ತೆಗೆಯದೆ.

ನಾಲ್ಕಾಗಿತ್ತು. ಕಾಳಿನ ಡಬ್ಬಿ ಹಿಡಿದು ನಾನು ಮುಂಬಾಗಿಲಿಂದ ಹೊರಟು, ಬೀದಿ ಸುತ್ತಿ, ಕೋಳಿಗಳ ಹತ್ತಿರ ಹೋದೆ.